ಎತ್ತು, ಮೇವು, ದವಸ: 1791ರ ಶ್ರೀರಂಗಪಟ್ಟಣದ ದಂಡಯಾತ್ರೆ

ಮೂರನೆಯ ಮೈಸೂರು ಯುದ್ಧದ ವಿಷಯವಾಗಿ ಬರೆದವರು 1791ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೂ 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೂ ಬಿದ್ದ ಮುತ್ತಿಗೆಗಳನ್ನು ವಿಸ್ತಾರವಾಗಿ ವರ್ಣಿಸಿ, ಇವೆರಡರ ನಡುವಿನ ಮೇ ತಿಂಗಳ ವಿಫಲ ದಂಡಯಾತ್ರೆಯನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆ. ಆದರೆ ದಂಡಿಗೂ ಅದು ತುಳಿದು ಹೋಗುವ ನಾಡಿನ ಪ್ರಜೆಗೂ ಇರುವ ಸಂಬಂಧವನ್ನರಿಯಲು ಆ ಮೂರು ನಾಲ್ಕು ವಾರಗಳೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಮೇ ತಿಂಗಳ ಆರಂಭದಲ್ಲಿ ಕಾರ್ನ್‌ವಾಲಿಸನು ಬೆಂಗಳೂರನ್ನು ಬಿಟ್ಟು ಹೊರಟನು. ಚನ್ನಪಟ್ಟಣದ ಹೆದ್ದಾರಿಯನ್ನು ಟಿಪ್ಪು ತಡೆದಿದ್ದುದರಿಂದ ಕಾನಕಾನಹಳ್ಳಿಯ ಕಡೆಯ ದುರ್ಗಮ ಮಾರ್ಗವನ್ನು ಹಿಡಿದನು. ಇದನ್ನರಿತ ಟಿಪ್ಪು ಆ ದಾರಿಯ ಹಳ್ಳಿಗಳನ್ನು ಸುಡಿಸಿ, ಮೇವು ದವಸಗಳನ್ನು ನಾಶಪಡಿಸಿ, ಜನರನ್ನೂ ದನಕರುಗಳನ್ನೂ ಅಲ್ಲಿಂದ ಎಬ್ಬಿಸಿದನು. ಯುದ್ಧನೀತಿಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ; ಫಲವೇ ಅದಕ್ಕೆ ಸಾಕ್ಷಿ. ಆದರೆ ಕಾಲವನ್ನು ಗಮನಿಸಬೇಕು. ಮೇ ತಿಂಗಳಲ್ಲಿ ಬಯಲುಸೀಮೆಯ ಹೊಲದಲ್ಲಿ ಪೈರಿರುವುದಿಲ್ಲ; ಹಿಂದಿನ ಸುಗ್ಗಿಯ ರಾಗಿಹುಲ್ಲಿನ ಬಣವೆಯೇ ದನಗಳಿಗೆ ಆಧಾರ. ಮುಂಗಾರಿನ ಉಳುಮೆಗೆ ಎತ್ತುಗಳನ್ನು ಉಳಿಸಿಕೊಡಬೇಕಾದುದೂ ಅದೇ ಬಣವೆ. ಅದನ್ನು ಸುಟ್ಟರೆ ಶತ್ರುವಿನ ಫಿರಂಗಿ ನಿಲ್ಲುತ್ತದೆ, ತನ್ನ ರೈತನ ನೇಗಿಲೂ ನಿಲ್ಲುತ್ತದೆ. ಇಂಗ್ಲಿಷ್ ಗ್ರಂಥಕರ್ತರು ಇಂತಹ ಕ್ರಮವನ್ನು ಕ್ರೌರ್ಯವೆಂದರು, ನಮ್ಮವರು ಕೆಲವರು ಚಾಣಾಕ್ಷತೆಯೆಂದರು. ಇಬ್ಬರ ಲೆಕ್ಕದಲ್ಲಿಯೂ ರೈತನಿಲ್ಲ.

ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಇಂಗ್ಲಿಷರು ಗೆದ್ದರು. ಗೆಲವು ನಿಷ್ಪ್ರಯೋಜಕವಾಯಿತು. ಪಶ್ಚಿಮದಿಂದ ಪಿರಿಯಾಪಟ್ಟಣಕ್ಕೆ ಬಂದಿದ್ದ ಅಬರ್‌ಕ್ರಾಂಬಿಯ ದಂಡನ್ನು ಕೂಡಿಕೊಳ್ಳಲೆಂದು ಕಾರ್ನ್‌ವಾಲಿಸನು ಕಾವೇರಿಯ ದಡದ ಕನ್ನಂಬಾಡಿಗೆ ಸರಿಯುವಷ್ಟರಲ್ಲಿ ಅವನ ಎತ್ತುಗಳು ಹಸಿವಿನಿಂದಲೂ ರೋಗದಿಂದಲೂ ಗುಂಪುಗುಂಪಾಗಿ ಸತ್ತಿದ್ದವು. ಮಳೆ ಹಿಡಿದಿತ್ತು. ಭಾರಿ ಫಿರಂಗಿಗಳನ್ನು ಮನುಷ್ಯರೇ ಎಳೆಯಬೇಕಾಯಿತು. ಪಾಳೆಯದ ಹಿಂದೆ ಬಂದಿದ್ದ ಬಡ ಪರಿವಾರದವರು ಸತ್ತ ಎತ್ತಿನ ಮಾಂಸವನ್ನು ತಿಂದು ಜೀವ ಹಿಡಿದರು. ಕೊನೆಗೆ, ಶ್ರೀರಂಗಪಟ್ಟಣದ ಕೋಟೆಯನ್ನು ಒಡೆಯಲೆಂದು ಅಷ್ಟು ಕಷ್ಟಪಟ್ಟು ತಂದ ಫಿರಂಗಿಗಳನ್ನು ಒಂದು ಸಲವೂ ಅದರ ಮೇಲೆ ಪ್ರಯೋಗಿಸದೆ ತಾವೇ ಹಾಳುಗೆಡವಿದರು. (ಆ ಹಳೆಯ ಕನ್ನಂಬಾಡಿಯ ನೆಲ ಈಗ ಕೃಷ್ಣರಾಜಸಾಗರದ ನೀರಿನಡಿಯಲ್ಲಿದೆ.)

ಮೇ 26ರಂದು ಹಿಂದಿರುಗತೊಡಗಿದ ಈ ದಂಡಿಗೆ ಮೇಲುಕೋಟೆಯ ಕಡೆ ಕುದುರೆಸವಾರರು ಎದುರಾದರು. ಟಿಪ್ಪುವಿನವರೆಂದು ಮೊದಲು ಶಂಕಿಸಲಾಯಿತು. ಬಂದವರು ಹರಿಪಂತ ಮತ್ತು ಪರಶುರಾಮ ಭಾವೂ ಇವರ ಮರಾಠಾ ಸೈನ್ಯದವರು. ಟಿಪ್ಪುವಿನ ಸವಾರರು ದೂತರನ್ನೆಲ್ಲ ತಡೆದಿದ್ದುದರಿಂದ ಮಿತ್ರಸೈನ್ಯ ಇಷ್ಟು ಹತ್ತಿರ ಬಂದ ಸುದ್ದಿಯೇ ಕಾರ್ನ್‌ವಾಲಿಸನಿಗೆ ತಲಪಿರಲಿಲ್ಲ. ಮರಾಠರ ಪಾಳೆಯದ ಪೇಟೆಯಲ್ಲಿ ದವಸದಿಂದ ಹಿಡಿದು ವಿಲಾಯಿತಿ ಸಾಮಾನಿನವರೆಗೆ ಎಲ್ಲವೂ ಇತ್ತು, ಬೆಲೆ ಮಾತ್ರ ವಿಪರೀತ. ಹಸಿದವರು ಬೆಲೆ ಕೇಳದೆ ಕೊಂಡರು. ಈ ಸಮೃದ್ಧಿಯನ್ನು ಕಂಡು ಬೆರಗಾದವರ ಬರಹಗಳಿವೆ. ಆದರೆ ಮಾರುವವರ ಚೀಲಗಳಲ್ಲಿದ್ದುದರಲ್ಲಿ ಬಹುಭಾಗ ಬಂದದ್ದೆಲ್ಲಿಂದ? ದಾರಿಯುದ್ದಕ್ಕೂ ದಂಡುಗಳು ದೋಚಿದ ಮೈಸೂರು ಸೀಮೆಯ ಊರುಗಳಿಂದಲೇ. ಅದೇ ವರ್ಷ ಶೃಂಗೇರಿಯ ಮಠವೂ ಮರಾಠಾ ದಂಡಿನ ಸುಲಿಗೆಗೆ ತುತ್ತಾಯಿತೆಂಬುದು, 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಟಿಪ್ಪುವಿನ ಪತ್ರಗಳಿಂದ ಎಲ್ಲರಿಗೂ ತಿಳಿದಿದೆ. ಮಠದ ಕಾಗದಗಳು ಉಳಿದವು, ಹಳ್ಳಿಗಳು ಕಾಗದವಿಡಲಿಲ್ಲ.

1792ರ ಮಾರ್ಚ್ ತಿಂಗಳ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಒತ್ತೆಯಾಗಿ ಹೋದ ಅವನ ಇಬ್ಬರು ಮಕ್ಕಳ ಚಿತ್ರವನ್ನು ಇಂಗ್ಲಿಷ್ ಕಲಾವಿದರು ಮತ್ತೆ ಮತ್ತೆ ಬರೆದರು. ಹಣದ ವಿಷಯದಲ್ಲಿ ವಿಲ್ಕ್ಸನು ಕೊಡುವ ಲೆಕ್ಕ ಹೀಗಿದೆ: ಬೊಕ್ಕಸದಿಂದ 1 ಕೋಟಿ 10 ಲಕ್ಷ, ಸೈನ್ಯದವರಿಂದ 60 ಲಕ್ಷ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ.