ಮಣ್ಣು ಹೇಳುವ ಸಾಕ್ಷ್ಯ

ಪಾಮನಕಲ್ಲೂರಿನ ನೆರೆಯ ಮಸ್ಕಿಯು ಅಶೋಕನ ಹೆಸರನ್ನೇ ಹೊತ್ತ ಶಾಸನದಿಂದ ಪ್ರಸಿದ್ಧವಾಗಿದೆ. ಅದು 1915ರಲ್ಲಿ ಬೆಳಕಿಗೆ ಬಂದಿತು. 1954ರಲ್ಲಿ ಬಿ. ಕೆ. ಥಾಪರ್ ಅಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತ ಮಡಕೆ ಚೂರುಗಳಾದರೋ ಹೀಗೆ ಹೆಸರು ಹೇಳುವುದಿಲ್ಲ. ಇಂತಹ ಚೂರು ಎಲ್ಲಿಯದೆಂದು ಅರಿಯಲು ಅದರ ಮಣ್ಣನ್ನೇ ವಿಚಾರಿಸಬೇಕು.

ಒಂದೊಂದು ನೆಲದ ಜೇಡಿಮಣ್ಣಿನಲ್ಲಿಯೂ ಕೆಲವು ಧಾತುಗಳು ಅತ್ಯಲ್ಪವಾಗಿ, ಆದರೆ ಆ ನೆಲಕ್ಕೇ ವಿಶಿಷ್ಟವಾದ ಪ್ರಮಾಣದಲ್ಲಿ ಇರುತ್ತವೆ. ಆವಿಗೆಯ ಬೆಂಕಿಯಲ್ಲಿಯೂ ಇವು ಬಹುಮಟ್ಟಿಗೆ ಉಳಿಯುತ್ತವೆ. ಚೂರಿನಿಂದ ಚಿಟಿಕೆ ಪುಡಿ ತೆಗೆದು, ಈ ಧಾತುಗಳನ್ನು ಅಳೆದು, ಸುತ್ತಲಿನ ಕೆರೆಹಳ್ಳಗಳ ಮಣ್ಣಿನೊಡನೆ ಹೋಲಿಸುತ್ತಾರೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದಾಗ, ಒಳತಳದಲ್ಲಿ ಚುಕ್ಕೆಗಳ ವರ್ತುಲವುಳ್ಳ ರೂಲೆಟೆಡ್ ತಟ್ಟೆಗಳ ಚೂರುಗಳು ದೊರೆತವು. ಈ ಬಗೆಯು ಮೂಲತಃ ಮೆಡಿಟರೇನಿಯನ್ ಕಡೆಯದೆಂದು ಅವರು ಭಾವಿಸಿದ್ದರು. 1997ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ ಗೋಗಟೆಯವರು ಖನಿಜಗಳ ಪರೀಕ್ಷೆಯಿಂದ ಬಂಗಾಳದ ಚಂದ್ರಕೇತುಗಢ-ತಾಮ್ಲುಕ್ ಪ್ರದೇಶದತ್ತ ಬೆರಳು ತೋರಿದರು. ಅನುರಾಧಪುರ, ಅರಿಕಮೇಡು ಮೊದಲಾದೆಡೆಯ ಇಂತಹ ಪಾತ್ರೆಗಳ ಮಣ್ಣಿಗೆ ಒಂದೇ ಮೂಲವಿದೆಯೆಂದು 2005ರ ರಾಸಾಯನಿಕ ವಿಶ್ಲೇಷಣೆಯೂ ಸೂಚಿಸಿತು. ಆಕಾರವನ್ನು ಕಂಡು ಕಟ್ಟಿದ ಅಭಿಪ್ರಾಯವನ್ನು ಮಣ್ಣು ತಿದ್ದಿತು.

ಆದರೆ ಕುಂಬಾರನು ಮಣ್ಣನ್ನು ಸೋಸಿದರೆ, ಮರಳು ಬೆರೆಸಿದರೆ ಪ್ರಮಾಣಗಳು ಬದಲಾಗುತ್ತವೆ. ಎರಡು ಊರುಗಳ ಮಣ್ಣು ಒಂದನ್ನೊಂದು ಹೋಲುವುದೂ ಉಂಟು. ಆದುದರಿಂದ ಹೊಂದಿಕೆ ಕಂಡಾಗಲೂ ‘ಇರಬಹುದು’ ಎನ್ನುವುದೇ ಸತ್ಯನಿಷ್ಠೆ.

ಚೂರು ಯಾವ ಪದರದಲ್ಲಿತ್ತೆಂಬುದು ಅಳಿದರೆ ಪ್ರಯೋಗಾಲಯವೂ ಅದನ್ನು ಮರಳಿ ಕೊಡಲಾರದು. ಬಸದಿಗಾಗಲಿ ಮನೆಗಾಗಲಿ ಪಾಯ ತೋಡುವಾಗ ಹಳೆಯ ಚೂರುಗಳು ಕಂಡರೆ, ಅವನ್ನು ಕದಲಿಸದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ನಮ್ಮೆಲ್ಲರ ಕರ್ತವ್ಯ.