ಕಡಕೊಳ ಸೀಮೆಯಲ್ಲಿ ಬಸುರಿಯ ಊಟ

ಮೈಸೂರು–ನಂಜನಗೂಡು ರಸ್ತೆಯ ಕಡಕೊಳ ಸೀಮೆಯಲ್ಲಿ ಬಸುರಿಯ ನಿತ್ಯದ ಊಟವೆಂದರೆ ಮನೆಮಂದಿಯ ಊಟವೇ: ರಾಗಿಮುದ್ದೆ, ಹುರುಳಿಸಾರು, ಸೊಪ್ಪಿನ ಬಸ್ಸಾರು. ಅದು ಬಡ ಊಟವೇನಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಮಡಿಲು ತುಂಬುವ ದಿನ ಚಿಗಳಿ, ತಂಬಿಟ್ಟು, ಕೊಬ್ಬರಿ ಬರುತ್ತಿದ್ದವು. ಆದರೆ ಅದು ಒಂದು ದಿನದ ಸಂಭ್ರಮ. ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಕೊನೆಯ ತಿಂಗಳುಗಳಲ್ಲಿ ತುತ್ತು ಕಡಿಮೆ ಮಾಡಿಸುವ ಹಿರಿಯರೂ ಇದ್ದರು. ಹೆರಿಗೆಯ ಸಾವಿನ ಭಯವಿದ್ದ ಕಾಲದಲ್ಲಿ ಆ ಎಚ್ಚರಿಕೆ ಅರ್ಥವಾಗುವಂಥದ್ದೇ. ಆದರೂ ಕೂಸು ಬೇಗ ಬೇಗ ತೂಕ ಕಟ್ಟಿಕೊಳ್ಳುವ ತಿಂಗಳುಗಳು ಅವೇ.

ಸರ್ಕಾರದ ಗಮನ ಸೆಳೆದದ್ದು ರಕ್ತಹೀನತೆ. ಅದಕ್ಕೂ ಬಹಳ ಹಿಂದೆ, 1931ರಲ್ಲಿ, ವೈದ್ಯೆ ಲೂಸಿ ವಿಲ್ಸ್ ಮುಂಬೈಯ ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಪ್ರಕಟಿಸಿದ್ದರು. ಅದರ ಗುಣ ಇದ್ದದ್ದು ಫೋಲೇಟ್‌ನಲ್ಲಿ ಎಂಬುದು ಆಮೇಲೆ ತಿಳಿಯಿತು. 1970ರಿಂದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ದೇಶದ ಗರ್ಭಿಣಿಯರಿಗೆ ಸಿಗತೊಡಗಿತು. 1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಸಮಗ್ರ ಶಿಶು ಅಭಿವೃದ್ಧಿ (ಐಸಿಡಿಎಸ್) ಯೋಜನೆ ಆರಂಭವಾದದ್ದು ಕಡಕೊಳಕ್ಕೆ ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿ. ಅದರಡಿ ಅಂಗನವಾಡಿಯ ಪೂರಕ ಆಹಾರ ಬಸುರಿ, ಬಾಣಂತಿಯರಿಗೂ ಸಲ್ಲತೊಡಗಿತು.

ಊಟದ ನಿಜವಾದ ಕೊರತೆ ಕಂಡದ್ದು ಮೈಸೂರಿನಲ್ಲೇ. 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1990ರ ದಶಕದ ಕೊನೆಗೆ ಗರ್ಭಿಣಿಯರ ಅಧ್ಯಯನ ಶುರುವಾಯಿತು. 785 ಮಹಿಳೆಯರ ರಕ್ತ ಪರೀಕ್ಷೆಯ ಫಲಿತಾಂಶ 2009ರಲ್ಲಿ ಪ್ರಕಟವಾದಾಗ ಶೇ 43 ಮಂದಿಗೆ ವಿಟಮಿನ್ ಬಿ12 ಕೊರತೆ ಕಂಡುಬಂತು. ಫೋಲೇಟ್ ಕೊರತೆ ಇದ್ದವರು ಬಲು ಕಡಿಮೆ. ಬಿ12 ಕಡಿಮೆ ಇದ್ದವರಲ್ಲಿ ಗರ್ಭಿಣಿ ಮಧುಮೇಹವೂ ಹೆಚ್ಚು. ಸೊಪ್ಪು, ಕಾಳು ಫೋಲೇಟ್ ಕೊಡುತ್ತವೆ. ಬಿ12 ಬರಬೇಕಾದರೆ ಹಾಲು, ಮೊಟ್ಟೆ, ಮೀನು, ಮಾಂಸವೇ ಬೇಕು. ಸರ್ಕಾರಿ ಮಾತ್ರೆಯಲ್ಲಿ ಅದು ಇಲ್ಲ.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಬಂದ ಮಾತೃಪೂರ್ಣ ಯೋಜನೆ ಈ ಕಾರಣಕ್ಕೇ ಮುಖ್ಯ. ಅನ್ನ, ಸಾಂಬಾರು, ಪಲ್ಯದ ಜೊತೆ ಹಾಲು, ಮೊಟ್ಟೆ, ಕಡಲೆಕಾಯಿ ಚಿಕ್ಕಿ ತಿಂಗಳಿಗೆ 25 ದಿನ ಬಸುರಿಯ ತಟ್ಟೆಗೆ ಬಂದವು. ಮೊಟ್ಟೆ ತಿನ್ನದವರಿಗೆ ಕೊಡುವುದು ಮೊಳಕೆಕಾಳು. ಅದರಲ್ಲಿ ಬಿ12 ಇಲ್ಲದ ಕಾರಣ ಅಂಥವರು ಹಾಲು, ಮೊಸರನ್ನು ಬಿಡಬಾರದು, ವೈದ್ಯರನ್ನು ಕೇಳಿ ಬಿ12 ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.