ಕೊಟ್ಟ ಜಾಗದ ಗುರುತು

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಆದರೆ ಹಿಂದಲೆಯ ಕಲೆಯನ್ನು ನೋಡಬೇಕಾದರೆ ಒಂದು ಕನ್ನಡಿ ಸಾಲದು, ಎರಡು ಬೇಕು. ಕ್ಷೌರದಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಹಿಂದಿನಿಂದ ಇನ್ನೊಂದು ಕನ್ನಡಿ ಹಿಡಿದು ತೋರಿಸುತ್ತಾರಲ್ಲ, ಹಾಗೆ. ನಮ್ಮ ತಲೆಯ ಆ ಭಾಗವನ್ನು ನಾವು ನೋಡುವುದೇ ಅಪರೂಪ. ಆದರೆ ಕೂದಲು ಕಸಿ ಶಸ್ತ್ರಚಿಕಿತ್ಸೆಯ ಇತಿಹಾಸವೆಲ್ಲ ಬರೆದಿರುವುದು ಅಲ್ಲಿಯೇ.

ಕೂದಲು ಕಸಿ ಎಂದರೆ ಹೊಸ ಕೂದಲನ್ನು ಸೃಷ್ಟಿಸುವುದಲ್ಲ, ಇರುವ ಕೂದಲನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ನೆಡುವುದು. ಭತ್ತದ ಮಡಿಯಿಂದ ಸಸಿ ಕಿತ್ತು ಗದ್ದೆಯಲ್ಲಿ ನಾಟಿ ಮಾಡಿದಂತೆ. ವ್ಯತ್ಯಾಸ ಒಂದೇ: ಸಸಿಮಡಿಗೆ ಮುಂದಿನ ವರ್ಷ ಮತ್ತೆ ಬೀಜ ಚೆಲ್ಲಬಹುದು, ಹಿಂದಲೆಗೆ ಚೆಲ್ಲಲಾಗದು. ಕೂದಲು ಕೊಟ್ಟ ಜಾಗದಲ್ಲಿ ಕಲೆ ಉಳಿಯುತ್ತದೆ. ಆ ಕಲೆಯನ್ನು ಹೇಗೆ ಕಡಿಮೆ ಮಾಡುವುದು, ಹೇಗೆ ಮರೆಮಾಡುವುದು ಎಂದು ವೈದ್ಯರು ಹಲವು ದಶಕಗಳಿಂದ ಶ್ರಮಿಸುತ್ತಾ ಬಂದಿದ್ದಾರೆ. ಆ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಮೂಗು ಕೊಟ್ಟ ಹಣೆ

ದೇಹದ ಒಂದು ಭಾಗದ ಚರ್ಮದಿಂದ ಇನ್ನೊಂದು ಭಾಗವನ್ನು ಸರಿಪಡಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸತಲ್ಲ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ರೂಪಿಸುವ ವಿಧಾನವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಇಟಲಿಯ ಬೊಲೋನ್ಯಾದ ಗಾಸ್ಪಾರೆ ಟಾಲಿಯಾಕೋಟ್ಸಿ 1597ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋಳಿನ ಚರ್ಮದಿಂದ ಮೂಗು ಕಟ್ಟುವ ವಿಧಾನವಿದೆ. ತೋಳಿನ ಕಲೆಯನ್ನು ಅಂಗಿಯ ತೋಳು ಮುಚ್ಚಿಬಿಡುತ್ತದೆ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಭಾರತದಿಂದ ಬಂದ ಒಂದು ಪತ್ರ ಅಚ್ಚಾಯಿತು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗನ ಕಥೆ ಅದರಲ್ಲಿತ್ತು. ಅವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಪತ್ರ ಹೇಳುತ್ತದೆ. ಆಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಕರ್ಮಿ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. ಈ ಪತ್ರವನ್ನು ಓದಿದವರ ಸಾಲಿನಲ್ಲಿ ಬಂದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಬಗೆಯ ಶಸ್ತ್ರಚಿಕಿತ್ಸೆ ಮಾಡಿದರು.

ನಮ್ಮ ವಿಷಯಕ್ಕೆ ಬೇಕಾದದ್ದು ಆ ಪತ್ರದ ಒಂದು ಸಣ್ಣ ಮಾತು. ಹೊಸ ಮೂಗು ಚೆನ್ನಾಗಿ ನಿಲ್ಲುತ್ತದೆ ಎಂದಷ್ಟೇ ಹೇಳಿ ಲೇಖಕ ಸುಮ್ಮನಾಗಲಿಲ್ಲ. ಕಾಲ ಕಳೆದಂತೆ ಹಣೆಯ ಮೇಲಿನ ಕಲೆಯೂ ಅಷ್ಟಾಗಿ ಎದ್ದುಕಾಣುವುದಿಲ್ಲ ಎಂದೂ ಸೇರಿಸಿದ. ಅಂದರೆ ಪಡೆದ ಜಾಗ ಹೇಗಿದೆ ಎನ್ನುವ ಪ್ರಶ್ನೆಯ ಜೊತೆಗೆ ಕೊಟ್ಟ ಜಾಗ ಹೇಗಿದೆ ಎನ್ನುವ ಪ್ರಶ್ನೆಯೂ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹುಟ್ಟಿತ್ತು.

ಜಪಾನಿನಿಂದ ನ್ಯೂಯಾರ್ಕಿಗೆ

ಜರ್ಮನಿಯ ಯೋಹಾನ್ ಡೀಫೆನ್‌ಬಾಖ್ 1822ರಲ್ಲಿ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಕೂದಲು ಮತ್ತು ಗರಿಗಳನ್ನು ಕಸಿ ಮಾಡಿದ ಪ್ರಯೋಗಗಳನ್ನು ಬರೆದರು. ತಮ್ಮ ತೋಳಿಗೇ ಕೂದಲು ನೆಟ್ಟು ನೋಡಿದವರು ಅವರು. ಆದರೆ ಇದು ಚಿಕಿತ್ಸೆಯ ರೂಪ ಪಡೆಯಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು.

1939ರಲ್ಲಿ ಜಪಾನಿನ ಚರ್ಮವೈದ್ಯ ಶೋಜಿ ಒಕುಡ, ಚೂಪಾದ ಅಂಚಿನ ಸಣ್ಣ ಲೋಹದ ಕೊಳವೆಯಿಂದ ಕೂದಲಿರುವ ಚರ್ಮದ ಬಿಲ್ಲೆಗಳನ್ನು ಕೊರೆದು, ಸುಟ್ಟಗಾಯ ಮುಂತಾದವುಗಳಿಂದ ಬೋಳಾದ ಜಾಗದಲ್ಲಿ ನೆಡುವ ವಿಧಾನವನ್ನು ಪ್ರಕಟಿಸಿದರು. ಕೊಳವೆಯ ಅಗಲ 2ರಿಂದ 4 ಮಿಲಿಮೀಟರ್. 1943ರಲ್ಲಿ ಅದೇ ದೇಶದ ಹಾಜಿಮೆ ತಮುರ ಇನ್ನೂ ಸಣ್ಣ, ಒಂದೊಂದೇ ಕೂದಲಿನ ತುಣುಕುಗಳನ್ನು ಬಳಸಿದರು. ಆದರೆ ಅದು ಎರಡನೆಯ ಮಹಾಯುದ್ಧದ ಕಾಲ, ಬರಹ ಜಪಾನೀ ಭಾಷೆಯಲ್ಲಿತ್ತು. ಹೀಗಾಗಿ ಈ ಕೆಲಸ ಪಶ್ಚಿಮ ದೇಶಗಳಿಗೆ ತಿಳಿದದ್ದು ಬಹಳ ತಡವಾಗಿ.

1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಖ್ ಬೊಕ್ಕತಲೆಗೆ ಕೂದಲು ಕಸಿ ಮಾಡಿದರು. ವಿವರ 1959ರಲ್ಲಿ ಪ್ರಕಟವಾಯಿತು. ಅವರ ಪ್ರಯೋಗ ಸರಳವಾಗಿತ್ತು. ಕೂದಲಿರುವ ಜಾಗದ ಬಿಲ್ಲೆಯನ್ನು ಬೋಳು ಜಾಗಕ್ಕೆ, ಬೋಳು ಜಾಗದ ಬಿಲ್ಲೆಯನ್ನು ಕೂದಲಿರುವ ಜಾಗಕ್ಕೆ ಅದಲುಬದಲು ಮಾಡಿದರು. ಹಿಂದಲೆಯ ಕೂದಲು ನೆತ್ತಿಗೆ ಬಂದರೂ ಬೆಳೆಯುತ್ತಲೇ ಇತ್ತು. ಬೋಳು ಚರ್ಮ ಎಲ್ಲಿ ಹೋದರೂ ಬೋಳಾಗಿಯೇ ಉಳಿಯಿತು. ಅಂದರೆ ಕೂದಲಿನ ಹಣೆಬರಹ ಅದರ ಬುಡದಲ್ಲಿದೆ, ನೆಟ್ಟ ನೆಲದಲ್ಲಿಲ್ಲ! ಇದಕ್ಕೆ 'ದಾನಿಯ ಪ್ರಾಬಲ್ಯ' ಎಂದು ಹೆಸರಾಯಿತು. ಗಂಡಸರ ಬೊಕ್ಕತಲೆಗೆ ಪುರುಷ ಹಾರ್ಮೋನಿನ ಪಾತ್ರವಿದೆ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿಯೇ ತೋರಿಸಿದ್ದರು. ಹಿಂದಲೆಯ ಕೂದಲಿನ ಬುಡಗಳು ಆ ಹಾರ್ಮೋನಿಗೆ ಸುಲಭವಾಗಿ ಬಗ್ಗುವುದಿಲ್ಲ. ಕಸಿಗೆ ಅವನ್ನೇ ಆರಿಸುವುದು ಇದೇ ಕಾರಣಕ್ಕೆ.

ಕಲೆ ಏಕೆ ಉಳಿಯುತ್ತದೆ?

ಸುಮಾರು 4 ಮಿಲಿಮೀಟರ್ ಅಗಲದ ಬಿಲ್ಲೆಗಳ ಕಾಲದಲ್ಲಿ ಎರಡು ತೊಂದರೆಗಳಿದ್ದವು. ಮುಂದಲೆಯಲ್ಲಿ ಕೂದಲು ಬೊಂಬೆಯ ತಲೆಯಂತೆ ಗುಚ್ಛಗುಚ್ಛವಾಗಿ ಕಾಣುತ್ತಿತ್ತು. ಹಿಂದಲೆಯಲ್ಲಿ ಹೊಲಿಗೆಯಿಲ್ಲದೆ ತಾವಾಗಿಯೇ ಮಾಯಲು ಬಿಟ್ಟ ರಂಧ್ರಗಳು ದುಂಡನೆಯ ಬಿಳಿ ಕಲೆಗಳಾಗಿ, ನುಸಿ ತಿಂದ ಉಣ್ಣೆಬಟ್ಟೆಯಂತೆ ಉಳಿಯುತ್ತಿದ್ದವು.

ಗಾಯ ಮಾಯುವಾಗ ದೇಹದ ಮೊದಲ ಉದ್ದೇಶ ಅಂದವಲ್ಲ, ಬೇಗ ಬಾಗಿಲು ಮುಚ್ಚುವುದು. ಹೊರಗಿನ ಸೂಕ್ಷ್ಮಜೀವಿಗಳು ಒಳನುಗ್ಗದಂತೆ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳನ್ನು ಅದು ಅವಸರದಲ್ಲಿ ನೇಯುತ್ತದೆ. ಸಹಜ ಚರ್ಮದಲ್ಲಿ ಈ ನಾರುಗಳು ಬುಟ್ಟಿಯ ಹೆಣಿಗೆಯಂತಿದ್ದರೆ, ಕಲೆಯಲ್ಲಿ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ತೇಪೆಯಲ್ಲಿ ಕೂದಲಿನ ಬುಡ ಮತ್ತೆ ಹುಟ್ಟುವುದಿಲ್ಲ, ಬಣ್ಣ ಕೊಡುವ ಕೋಶಗಳೂ ಕಡಿಮೆ. ಆದ್ದರಿಂದಲೇ ಕಪ್ಪು ಕೂದಲಿನ ನಡುವೆ ಅದು ಬೆಳ್ಳಗೆ ಕಾಣುತ್ತದೆ.

ಎಳೆತದ ಮಾತೂ ಇದೆ. ವಿಯೆನ್ನಾದ ಅಂಗರಚನಾಶಾಸ್ತ್ರಜ್ಞ ಕಾರ್ಲ್ ಲ್ಯಾಂಗರ್ 1861ರಲ್ಲಿ ಒಂದು ಕುತೂಹಲದ ಸಂಗತಿ ವರದಿ ಮಾಡಿದರು. ದುಂಡನೆಯ ಮೊನೆಯಿಂದ ಚರ್ಮವನ್ನು ಚುಚ್ಚಿದರೂ ರಂಧ್ರ ದುಂಡಗಿರದೆ ಉದ್ದುದ್ದವಾಗಿ ತೆರೆದುಕೊಳ್ಳುತ್ತಿತ್ತು. ಕಾರಣ, ಚರ್ಮ ಸದಾ ಎಳೆತದಲ್ಲಿರುತ್ತದೆ. ನೀವೂ ನೋಡಬಹುದು: ಒಡೆದ ಬಲೂನಿನ ರಬ್ಬರನ್ನು ಒಂದು ದಿಕ್ಕಿಗೆ ಎಳೆದು ಹಿಡಿದು ಅದರ ಮೇಲೆ ಪೆನ್ನಿನಿಂದ ಒಂದು ವೃತ್ತ ಬರೆಯಿರಿ. ಬಿಟ್ಟ ಕೂಡಲೆ ವೃತ್ತ ಹೇಗೆ ಬದಲಾಗುತ್ತದೆ ಗಮನಿಸಿ. ಹಿಂದಲೆಯ ಹೊಲಿಗೆಯನ್ನೂ ಚರ್ಮ ಎರಡೂ ಕಡೆಯಿಂದ ಎಳೆಯುತ್ತಿರುತ್ತದೆ. ಎಳೆತ ಹೆಚ್ಚಾದರೆ ಗೆರೆಯಂತಿರಬೇಕಾದ ಕಲೆ ಅಗಲವಾಗುತ್ತದೆ.

ಪಟ್ಟಿಯೋ, ಚುಕ್ಕೆಯೋ?

ಕೂದಲುಗಳು ಒಂದೊಂದಾಗಿಯೂ ಎರಡು-ಮೂರರ ಸಹಜ ಗುಂಪುಗಳಾಗಿಯೂ ಬೆಳೆಯುತ್ತವೆ ಎಂಬುದನ್ನು 1984ರಲ್ಲಿ ಅಮೆರಿಕದ ಜಾನ್ ಹೆಡಿಂಗ್‌ಟನ್ ವಿವರಿಸಿದರು. ಟೆಕ್ಸಾಸಿನ ಬಾಬಿ ಲಿಮ್ಮರ್ ಹಿಂದಲೆಯಿಂದ ಚರ್ಮದ ಒಂದು ಉದ್ದನೆಯ ಪಟ್ಟಿ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಈ ಸಹಜ ಗುಂಪುಗಳಾಗಿ ಬಿಡಿಸಿ ನೆಡುವ ಕ್ರಮವನ್ನು 1994ರಲ್ಲಿ ಪ್ರಕಟಿಸಿದರು. ಬೊಂಬೆಯ ತಲೆಯ ಕಾಲ ಮುಗಿಯಿತು. ಹಿಂದೆ ನೂರಾರು ದುಂಡು ಕಲೆಗಳ ಬದಲು, ಕಿವಿಯಿಂದ ಕಿವಿಯ ಕಡೆಗೆ ಸಾಗುವ ಒಂದೇ ಗೆರೆ ಉಳಿಯಿತು.

ಈ ಗೆರೆಯನ್ನು ಮುಚ್ಚಲು ಕೂದಲನ್ನು ಸ್ವಲ್ಪ ಉದ್ದ ಬಿಟ್ಟರೆ ಸಾಕಿತ್ತು. ತಲೆಯನ್ನು ತೀರ ಸಣ್ಣಗೆ ಕತ್ತರಿಸಿದರೆ ಮಾತ್ರ ಗುಟ್ಟು ರಟ್ಟು. ಇದಕ್ಕೆ 2000ದ ದಶಕದಲ್ಲಿ ವೈದ್ಯರು ಜಾಣ ಉಪಾಯವೊಂದನ್ನು ಬಳಕೆಗೆ ತಂದರು. ಹೊಲಿಯುವ ಮೊದಲು ಗಾಯದ ಒಂದು ಅಂಚಿನ ಮೇಲ್ಪದರವನ್ನು ಅತಿ ತೆಳುವಾಗಿ ಸವರಿ, ಅದರ ಮೇಲೆ ಇನ್ನೊಂದು ಅಂಚನ್ನು ಕೂರಿಸಿದರು. ಕೆಳಗೆ ಉಳಿದ ಬುಡಗಳಿಂದ ಕೂದಲು ಕಲೆಯನ್ನೇ ತೂರಿಕೊಂಡು ಮೇಲೆ ಬರುತ್ತದೆ. ಬೇಲಿಯನ್ನು ಬಳ್ಳಿ ಮುಚ್ಚಿದಂತೆ, ಕಲೆಯನ್ನು ಕೂದಲೇ ಮುಚ್ಚುತ್ತದೆ.

ಇನ್ನೊಂದು ದಾರಿ, ಪಟ್ಟಿಯನ್ನೇ ತೆಗೆಯದಿರುವುದು. ಸುಮಾರು 1 ಮಿಲಿಮೀಟರ್ ಅಗಲದ ಕೊಳವೆಯಿಂದ ಒಂದೊಂದೇ ಕೂದಲ ಗುಂಪನ್ನು ನೇರವಾಗಿ ಹೊರತೆಗೆಯುವ ಈ ವಿಧಾನವನ್ನು ವಿಲಿಯಂ ರಾಸ್‌ಮನ್, ರಾಬರ್ಟ್ ಬರ್ನ್‌ಸ್ಟೈನ್ ಮತ್ತು ಸಂಗಡಿಗರು 2002ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. 'ಎಫ್‌ಯುಇ' ಎಂದು ಜಾಹೀರಾತುಗಳಲ್ಲಿ ನೀವು ಓದುವುದು ಇದನ್ನೇ. ಗಮನಿಸಿದಿರಾ? ಒಕುಡ ಅವರ ಕೊಳವೆಯೇ ಇನ್ನಷ್ಟು ಸಪೂರವಾಗಿ ಮರಳಿ ಬಂದಿದೆ.

'ಕಲೆಯೇ ಇಲ್ಲ' ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಅದು ನಿಜವೇ? ಒಂದು ಲೆಕ್ಕ ಮಾಡೋಣ. 1 ಮಿಲಿಮೀಟರ್ ವ್ಯಾಸದ ಒಂದು ರಂಧ್ರದ ವಿಸ್ತೀರ್ಣ ಸುಮಾರು 0.785 ಚದರ ಮಿಲಿಮೀಟರ್. 2,000 ರಂಧ್ರಗಳಿಗೆ 1,570 ಚದರ ಮಿಲಿಮೀಟರ್, ಅಂದರೆ ಸುಮಾರು 15.7 ಚದರ ಸೆಂಟಿಮೀಟರ್. 20 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ಅಗಲದ ಹೊಲಿಗೆಯ ಕಲೆಯ ವಿಸ್ತೀರ್ಣವಾದರೋ 4 ಚದರ ಸೆಂಟಿಮೀಟರ್ ಮಾತ್ರ! ಮಾಯುವಾಗ ರಂಧ್ರಗಳು ಕುಗ್ಗುತ್ತವೆ ಎಂಬುದನ್ನು ಗಣನೆಗೆ ತೆಗೆದುಕೊಂಡರೂ, ಕಲೆ ಇಲ್ಲ ಎನ್ನುವಂತಿಲ್ಲ. ಅದು ಚದುರಿದೆ, ಅಷ್ಟೆ. ಗೆರೆಯನ್ನು ಕಣ್ಣು ಬೇಗ ಹಿಡಿಯುತ್ತದೆ, ಚದುರಿದ ಚುಕ್ಕೆಗಳನ್ನು ಹಿಡಿಯುವುದಿಲ್ಲ. ಆದರೆ ಒಂದೇ ಕಡೆಯಿಂದ ಅತಿಯಾಗಿ ತೆಗೆದರೆ ಹಿಂದಲೆ ತೆಳುವಾಗಿ, ಓರೆಂಟ್ರೈಖ್ ಕಾಲದ ನುಸಿ ತಿಂದ ನೋಟವೇ ಮರುಕಳಿಸುತ್ತದೆ.

ಮರೆಮಾಚುವ ಮಾರ್ಗಗಳು

ಹಳೆಯ ಕಲೆ ಇದ್ದವರಿಗೆ ಈಗ ಕೆಲವು ದಾರಿಗಳಿವೆ. ಅಗಲವಾದ ಕಲೆಯನ್ನು ಕತ್ತರಿಸಿ ಮತ್ತೆ ಹೊಲಿಯಬಹುದು. ಎಳೆತ ಹಾಗೆಯೇ ಇದ್ದರೆ ಅದು ಮತ್ತೆ ಅಗಲವಾಗಲೂಬಹುದು. ಕಲೆಯೊಳಗೇ ಕೂದಲು ನೆಡಬಹುದು, ಗಡ್ಡದ ಕೂದಲನ್ನೂ ಬಳಸುವುದುಂಟು. ಆದರೆ ಕಲೆಯಲ್ಲಿ ರಕ್ತಸಂಚಾರ ಕಡಿಮೆ, ಕಲ್ಲುನೆಲದಲ್ಲಿ ನೆಟ್ಟ ಸಸಿಯಂತೆ ಎಲ್ಲವೂ ಹಿಡಿಯುವುದಿಲ್ಲ. ಹಚ್ಚೆಯಂತೆ ಸಣ್ಣ ಸಣ್ಣ ಬಣ್ಣದ ಚುಕ್ಕೆ ಚುಚ್ಚಿ, ಬೋಳಿಸಿದ ಕೂದಲಿನ ಬುಡದಂತೆ ತೋರಿಸುವ ಕ್ರಮವೂ ಬಂದಿದೆ. ಇದೂ ಶಾಶ್ವತವಲ್ಲ. ಬಣ್ಣ ಮಾಸುತ್ತದೆ, ಸುತ್ತಲಿನ ಕೂದಲು ನರೆತಾಗ ಚುಕ್ಕೆಗಳು ಮಾತ್ರ ಕಪ್ಪಾಗಿ ಉಳಿಯಬಹುದು. ಕೊನೆಯದು, ಕೂದಲಿನ ಬಣ್ಣದ ಸಣ್ಣ ನಾರಿನ ಪುಡಿ ಉದುರಿಸುವುದು. ನಮ್ಮ ಸ್ಟುಡಿಯೋಗಳ ಮೇಕಪ್ ಕೋಣೆಗೆ ಇದು ಪರಿಚಿತ. ದೀಪದ ಕೆಳಗೆ ನಿಲ್ಲುತ್ತದೆ, ಸ್ನಾನದ ನೀರಿಗೆ ಹೋಗುತ್ತದೆ.

ನಿಮಗೇಕೆ ಈ ಕಥೆ?

ನಿಮ್ಮ ವಯಸ್ಸಿನಲ್ಲಿಯೇ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಎಣಿಸುವವರಿದ್ದಾರೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಸಂಕಟ ನಿಜವಾದದ್ದು. ಆದರೆ ತಲೆಯ ಮೇಲಿರುವುದು ಸುಮಾರು 1 ಲಕ್ಷ ಕೂದಲು, ಅದರಲ್ಲಿ ಹಿಂದಲೆಯಿಂದ ಸುರಕ್ಷಿತವಾಗಿ ತೆಗೆಯಬಹುದಾದದ್ದು ಒಂದು ಚಿಕ್ಕ ಪಾಲು. ಬೊಕ್ಕತಲೆ ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದು ಇಪ್ಪತ್ತರ ವಯಸ್ಸಿನಲ್ಲಿ ತಿಳಿಯುವುದಿಲ್ಲ. ಆಗಲೇ ಉಗ್ರಾಣ ಬರಿದು ಮಾಡಿಕೊಂಡರೆ ನಲವತ್ತರಲ್ಲಿ ಮುಂದೆಯೂ ಸಾಲದು, ಹಿಂದೆಯೂ ಉಳಿಯದು. ನಮ್ಮ ಬದುಕಿನಲ್ಲಿ ತಲೆ ಬೋಳಿಸುವ ಸಂದರ್ಭಗಳೂ ಬರುತ್ತವೆ. ಹರಕೆ ಹೊತ್ತು ಮುಡಿ ಕೊಡುತ್ತೇವೆ, ತಂದೆತಾಯಿ ತೀರಿಕೊಂಡಾಗ ತಲೆ ಬೋಳಿಸುತ್ತೇವೆ. ಆ ದಿನ ಮುಚ್ಚಿಟ್ಟದ್ದೆಲ್ಲ ಕಾಣುತ್ತದೆ.

ಇದಕ್ಕಿಂತ ದೊಡ್ಡ ಮಾತೂ ಇದೆ. ಇದು ಸೌಂದರ್ಯದ ಅಂಗಡಿಯ ಕೆಲಸವಲ್ಲ, ಶಸ್ತ್ರಚಿಕಿತ್ಸೆ. 2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿಗೆ ಹೋದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ಕಾರ್ಯಾಗಾರ ನೋಡಿಯೋ ವಿಡಿಯೋ ನೋಡಿಯೋ ಕಲಿತ ವಿದ್ಯೆ ಇದಕ್ಕೆ ಸಾಲದು, ತರಬೇತಿ ಪಡೆದ ವೈದ್ಯರೇ ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿತು.

ಆದ್ದರಿಂದ ಯಾರಾದರೂ 'ಮೊದಲು' ಮತ್ತು 'ನಂತರ' ಎಂದು ಎರಡು ಚಿತ್ರ ತೋರಿಸಿದರೆ, ಮೂರನೆಯ ಚಿತ್ರವನ್ನೂ ಕೇಳಿ: ಕೂದಲು ಸಣ್ಣಗೆ ಕತ್ತರಿಸಿದ ಹಿಂದಲೆಯ ಚಿತ್ರ. 1794ರ ಪತ್ರ ಬರೆದವನು ಹೊಸ ಮೂಗನ್ನು ಹೊಗಳಿದ ಮೇಲೂ ಹಣೆಯನ್ನು ನೋಡಲು ಮರೆಯಲಿಲ್ಲ. ಎಲ್ಲಿಗೆ ಬಂತು ಎಂದು ಕೇಳುವಾಗ ಎಲ್ಲಿಂದ ಬಂತು ಎಂದೂ ಕೇಳುವವನೇ ವಿಜ್ಞಾನದ ವಿದ್ಯಾರ್ಥಿ.